ಲಡಿ ಮೀಮಾಂಸೆ: ದಾರದ ಇರವು, ಇಲ್ಲದಿರುವಿಕೆ ಮತ್ತು ಗಣಕಯಂತ್ರ

ಕಸೂತಿಯ ಬಗ್ಗೆ ಬರೆದ ಪಂಡಿತರು ಬಹಳ. ಕಸೂತಿಯ ದಾರ ಎಲ್ಲಿಟ್ಟಿದೆ ಎಂಬುದರ ಬಗ್ಗೆ ಬರೆದವರು, ಪ್ರಸ್ತುತ ಲೇಖಕನ ಅರಿವಿಗೆ ಬಂದಮಟ್ಟಿಗೆ, ಒಬ್ಬರೂ ಇಲ್ಲ. ಈ ಕೊರತೆ ನೀಗಿಸುವುದೇ ಪ್ರಬಂಧದ ಉದ್ದೇಶ. ಅಧ್ಯಯನದ ಕ್ಷೇತ್ರ: ಧಾರವಾಡದ ಒಂದು ಮನೆ, ಅದರಲ್ಲಿ ಒಂದು ಕಪಾಟು, ಅದರಲ್ಲಿ ಹನ್ನೊಂದು ಖಾಲಿ ಪೇಡೆ ಡಬ್ಬಿ. (ಖಾಲಿ ಎಂಬುದು ಪೇಡೆಯ ದೃಷ್ಟಿಯಿಂದ.) ಮಾಹಿತಿದಾತರು: ಲೇಖಕನ ಧರ್ಮಪತ್ನಿ, ಪ್ರಶ್ನೆಗಳಿಗೆ ಉತ್ತರಿಸಲು ಪುರುಸೊತ್ತಿಲ್ಲದವರು. ಉಪಕರಣ: ಮಗ ಕೊಡಿಸಿದ ಲ್ಯಾಪ್‌ಟಾಪು, ಅದರೊಳಗಿನ ಲೆಕ್ಕದ ಹಾಳೆ. ಸಂಶೋಧಕನ ಅರ್ಹತೆ: ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗುವ ತನಕ ಕುರ್ಚಿ ಬಿಟ್ಟೇಳದಿದ್ದದ್ದು.

ಮೊದಲು ಪದಾರ್ಥ ನಿರ್ಣಯ. ಲಡಿ ಎಂದರೇನು? 1746ರಲ್ಲಿ ಈಗಿನ ಫ್ರಾನ್ಸಿನ ಮುಲೂಜ಼್ ಪಟ್ಟಣದಲ್ಲಿ ಹುಟ್ಟಿದ ಡಿಎಂಸಿ ಸಂಸ್ಥೆಯ ದಾರದಲ್ಲಿ ಒಂದು ಲಡಿಗೆ 8 ಮೀಟರ್ ಉದ್ದ, ಆರು ಎಳೆ. ಬಿಡಿಸಿದರೆ ಒಂಟಿ ಎಳೆ 48 ಮೀಟರ್. ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ. 310 ಎಂದರೆ ಕಪ್ಪು. ಇಲ್ಲಿಯವರೆಗೆ ಶಾಸ್ತ್ರ ಸುಸೂತ್ರ. ಆದರೆ ಮಾಹಿತಿದಾತರು ಅರ್ಧ ಮೀಟರ್ ಕತ್ತರಿಸಿ, ಅದರಲ್ಲಿ ಎರಡೆಳೆ ಮಾತ್ರ ಎಳೆದು ಸೂಜಿಗೆ ಪೋಣಿಸಿ, ಮಿಕ್ಕ ನಾಲ್ಕೆಳೆಯನ್ನು ಸೋಫಾದ ಕೈಮೇಲೆ ಇಟ್ಟುಬಿಡುತ್ತಾರೆ. ಖರ್ಚಾದದ್ದು ಲಡಿಯ 48ರಲ್ಲಿ 1 ಭಾಗ, ಅಂದರೆ 0.0208 ಲಡಿ. ಅದನ್ನು ಶ್ರದ್ಧೆಯಿಂದ ದಾಖಲಿಸಿದೆ. ಸೋಫಾದ ಮೇಲಿದ್ದ 0.0417 ಲಡಿಗೆ ‘ಸ್ಥಳ’ ಎಂಬ ಕಂಬಸಾಲು ತೆರೆದು ‘ಸೋಫಾ, ಎಡಗೈ’ ಎಂದು ನಮೂದಿಸಿದೆ. ಅಷ್ಟರಲ್ಲಿ ಕಸ ಗುಡಿಸುವ ಹೊತ್ತಾಯಿತು.

ಸೂಜಿಗಳ ವಿಚಾರ ಇನ್ನೂ ಗಹನ. ಸೂಜಿಗೆ ನಂಬರು ಹೆಚ್ಚಿದಷ್ಟೂ ಸಣ್ಣ, ಸಂಬಳಕ್ಕೆ ತದ್ವಿರುದ್ಧ. 5ರಿಂದ 10ರವರೆಗಿನ ಸೂಜಿಗಳನ್ನು ಒಂದೇ ಪೊಟ್ಟಣದಲ್ಲಿ ಮಾರುತ್ತಾರೆ, ಅದರ ಮೇಲೆ ‘5-10’ ಎಂದು ಅಚ್ಚಾಗಿರುತ್ತದೆ. 2024ರ ಒಂದು ಮಧ್ಯಾಹ್ನ ಹಾಗೆಯೇ ಟೈಪ್ ಮಾಡಿದೆ. ಹಾಳೆ ಕ್ಷಣವೂ ಯೋಚಿಸದೆ ಅದನ್ನು ಅಕ್ಟೋಬರ್ 5 ಮಾಡಿತು. ದಿನಾಂಕ ಬೇಡ, ಸಂಖ್ಯೆ ಕೊಡು ಎಂದೆ. 45570 ಕೊಟ್ಟಿತು. ನಮ್ಮ ಮನೆಯಲ್ಲಿ ನಲವತ್ತೈದು ಸಾವಿರದ ಐನೂರ ಎಪ್ಪತ್ತು ಸೂಜಿಗಳಿವೆ ಎಂದು ಅರ್ಧ ಗಂಟೆ ನಂಬಿ, ನೆಲದ ಮೇಲೆ ಕಾಲಿಡಲು ಹೆದರಿ ಕೂತಿದ್ದೆ. ಆಮೇಲೆ ತಿಳಿಯಿತು: ಅದು 1900ರ ಜನವರಿ 1ರಿಂದ ಎಣಿಸಿಕೊಂಡು ಬಂದ ದಿನಗಳ ಲೆಕ್ಕ. ಲೇಖಕ ನಾಚಬೇಕಿಲ್ಲ. ಇದೇ ದಿನಾಂಕದ ಹುಚ್ಚಿನಿಂದಾಗಿ ಮಾರ್ಚ್, ಸೆಪ್ಟೆಂಬರ್ ತಿಂಗಳುಗಳನ್ನು ಹೋಲುವ ಮಾನವ ಜೀನ್‌ಗಳ ಹೆಸರುಗಳನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು, 2020ರಲ್ಲಿ ಅದಕ್ಕೆ ನಿಯಮವನ್ನೂ ಮಾಡಿದರು. ಹಾಳೆಯನ್ನು ತಿದ್ದುವುದಕ್ಕಿಂತ ಮನುಷ್ಯನನ್ನು ತಿದ್ದುವುದು ಸುಲಭ.

ಆ ಎಣಿಕೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. 1900 ಅಧಿಕ ವರ್ಷವಲ್ಲ. ಆದರೂ ಆ ವರ್ಷದ ಫೆಬ್ರವರಿ 29 ಎಂಬ ಹುಟ್ಟದ ದಿನವನ್ನೂ ಹಾಳೆ ಲೆಕ್ಕಕ್ಕೆ ಹಿಡಿದಿದೆ. ಹಳೆಯ ತಂತ್ರಾಂಶವೊಂದರ ತಪ್ಪನ್ನು ಹೊಂದಾಣಿಕೆಗೆಂದು ಉಳಿಸಿಕೊಂಡದ್ದಂತೆ. ಇಲ್ಲದ್ದನ್ನು ಇದೆ ಎಂದು ನೂರು ವರ್ಷ ಕಾಪಾಡುವ ಯಂತ್ರದ ಕೈಗೆ ಕಪ್ಪು ದಾರ ಒಪ್ಪಿಸಿದ್ದೆ.

ಇಲ್ಲಿಂದ ಪ್ರಬಂಧದ ತಿರುಳು. ವೈಶೇಷಿಕರು ಆರು ಪದಾರ್ಥಗಳ ಮೇಲೆ ಏಳನೆಯದಾಗಿ ಅಭಾವವನ್ನು ಸೇರಿಸಿ, ಅದರಲ್ಲಿ ನಾಲ್ಕು ಬಗೆ ಕಂಡರು. ಹಾಳೆಗೆ ಗೊತ್ತಿರುವುದು ಒಂದೇ ಸೊನ್ನೆ. ಮನೆಯಲ್ಲಿ ನಾಲ್ಕೂ ಇವೆ. ಇನ್ನೂ ಕೊಳ್ಳದ ದಾರ ಪ್ರಾಗಭಾವ. ಮುಗಿದುಹೋದದ್ದು ಪ್ರಧ್ವಂಸಾಭಾವ. ಪಕ್ಕದ ಮನೆಯ ವೈನಿ ಕೇಳುವ ‘ಕೆಂಪೂ ಅಲ್ಲ, ಕುಂಕುಮಾನೂ ಅಲ್ಲ’ ಎಂಬ ಬಣ್ಣ ಮೂರು ಕಾಲಕ್ಕೂ ಇಲ್ಲದ್ದು, ಅದು ಅತ್ಯಂತಾಭಾವ. ಇನ್ನು ಕಪ್ಪು 310, ಕಡುನೀಲಿ 939, ಕಪ್ಪುಕಂದು 3371: ಟ್ಯೂಬ್‌ಲೈಟಿನ ಕೆಳಗೆ ಮೂರೂ ಒಂದೇ, ಬೆಳಗ್ಗೆ ಅಂಗಳದಲ್ಲಿ ಒಂದು ಇನ್ನೊಂದಲ್ಲ. ಇದು ಅನ್ಯೋನ್ಯಾಭಾವ, ರಾತ್ರಿ ಹಾಕಿದ ಹೊಲಿಗೆಯನ್ನು ಬೆಳಗ್ಗೆ ಬಿಚ್ಚಿಸುವಂಥದ್ದು.

ಇಷ್ಟು ಸಿದ್ಧಾಂತ ಕಟ್ಟಿದ ಮೇಲೂ ಒಂದು ಪೂರ್ವಪಕ್ಷ ಉಳಿಯಿತು. ಹಾಳೆಯ ಪ್ರಕಾರ 310 ಎರಡು ಲಡಿ ಇತ್ತು.

“ಅದ ಅಂತೀರಿ. ಹಂಗಾರ ತೆಗದು ಕೈಯಾಗ ಕೊಡ್ರಿ” ಎಂದರು ಮಾಹಿತಿದಾತರು.

ಹನ್ನೊಂದು ಡಬ್ಬಿಯನ್ನೂ ಸುರುವಿದೆ. ಇರಲಿಲ್ಲ. ಖರ್ಚಾಗಿರಲೂ ಇಲ್ಲ. ಕೊನೆಗೆ ತಿಳಿದದ್ದು, ಎರಡೂ ವೈನಿಯ ಮನೆಯಲ್ಲಿವೆ. ನಮ್ಮದೇ, ಆದರೆ ನಮ್ಮಲ್ಲಿಲ್ಲ. ಬರುತ್ತದೆ, ಆದರೆ ಯಾವಾಗ ಎಂದು ಕೇಳುವಂತಿಲ್ಲ. ತಾರ್ಕಿಕರ ಕಣ್ಣಿಗೆ ಬೀಳದ ಈ ಐದನೆಯ ಬಗೆಗೆ ‘ವೈನಿಗತಾಭಾವ’ ಎಂದು ನಾಮಕರಣ ಮಾಡುತ್ತಿದ್ದೇನೆ. ಶಾಸ್ತ್ರಕ್ಕೆ ಇದು ಲೇಖಕನ ವಿನಮ್ರ ಕೊಡುಗೆ.

“ಕೊಟ್ಟಾಗ ಒಂದು ಸಾಲು ಬರೆದಿಡಬಾರದಿತ್ತೇ?”

“ಬರದಿಟ್ರ ಅದು ಸಾಲ ಆಗ್ತದ್ರೀ.”

ಬ್ಯಾಂಕಿನಲ್ಲಿ ಸವೆಸಿದ ಅಷ್ಟೂ ವರ್ಷಗಳ ಅನುಭವದಲ್ಲಿ ಇದಕ್ಕೆ ಪ್ರತಿವಾದ ಸಿಗಲಿಲ್ಲ.

ಇನ್ನು ಮಾಹಿತಿದಾತರ ಲೆಕ್ಕಜ್ಞಾನದ ಬಗ್ಗೆ ಎರಡು ಮಾತು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ ಅಂಬಾರಿ ಏಳಬೇಕು. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುತ್ತ ಒಂದು ಬಿಟ್ಟು ಒಂದು ಹಾಕಿ, ಬರುತ್ತ ಬಿಟ್ಟ ಜಾಗ ತುಂಬುತ್ತಾರೆ. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಹೋಗುವಾಗ ಖರ್ಚು, ಬರುವಾಗ ಜಮಾ. ಒಂದೆಳೆ ತಪ್ಪಿದರೂ ಗೋಪುರದ ಕಳಸ ಕೂಡುವುದಿಲ್ಲ. ಈ ಜಮಾಖರ್ಚನ್ನು ಪಲ್ಯಕ್ಕೆ ಉಪ್ಪಾಯಿತೇ ಎಂದು ಕೇಳುತ್ತ, ಮ್ಯಾಟಿ ಬಟ್ಟೆಯ ಮೇಲೆ ದಿನಾ ತಾಳೆ ಹಾಕುವವರಿಗೆ ನಾನು ಲಡಿ ಎಣಿಸಲು ಯಂತ್ರ ತಂದುಕೊಟ್ಟಿದ್ದೆ.

ಆದಾಗ್ಯೂ ಗಣಕ ನಿಷ್ಪ್ರಯೋಜಕ ಎಂಬ ತೀರ್ಮಾನ ಆತುರದ್ದು. ದಾಸ್ತಾನು ಪಟ್ಟಿಯನ್ನು ಒಂಬತ್ತು ಪುಟ ಮುದ್ರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ. ಮಾಹಿತಿದಾತರು ಅದನ್ನು ಕಿತ್ತು, ಮಡಚಿ, ಕತ್ತರಿಸಿ, ದಾರ ಸುತ್ತುವ ಪಟ್ಟಿಗಳನ್ನು ಮಾಡಿಕೊಂಡರು. ಕಾಗದ ಗಟ್ಟಿಯಿದೆ ಎಂದು ಮೆಚ್ಚಿದರು. ಮೊನ್ನೆ ವೈನಿ ಎರಡು ಲಡಿ ಮರಳಿಸಿದರು: ಆಂಕರ್ ಕಂಪನಿಯ 403, ಅದೂ ಕಪ್ಪೇ. ಅದೀಗ 4ನೇ ಪುಟದ ಮೇಲೆ, ‘310: 2 ಲಡಿ’ ಎಂಬ ಸಾಲನ್ನು ಮುಚ್ಚಿಕೊಂಡು ಸುತ್ತಿದೆ.