ಬಾಯಿ ಒಂದೇ, ಖಾತೆ ಮೂರು

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ. ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಮೇ 31 ತಂಬಾಕು ರಹಿತ ದಿನ. ಮೂರಕ್ಕೂ ಜಾಥಾ. ಮೂರಕ್ಕೂ ಫ್ಲೆಕ್ಸು. ಮೂರಕ್ಕೂ ಕಲಬುರಗಿಯ ಬಿಸಿಲಲ್ಲಿ ಬೇಯುವ ನರ್ಸಿಂಗ್ ಹುಡುಗಿಯರು. ಭಾಷಣ ಮುಗಿಸಿದ ಸಾಹೇಬರು ಜೀಪು ಹತ್ತುವ ಮೊದಲು ಬಾಯಲ್ಲಿದ್ದುದನ್ನು ಗೋಡೆಗೆ ಒಪ್ಪಿಸುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಉಗುಳಿದರೆ ಕರ್ನಾಟಕದಲ್ಲಿ 2025ರಿಂದ ₹1,000 ದಂಡ. ಸಾಹೇಬರಿಗೆ ಗೊತ್ತಿಲ್ಲವೆಂದಲ್ಲ. ಈಗಷ್ಟೇ ಮೈಕಿನಲ್ಲಿ ಅದನ್ನೇ ಓದಿ ಬಂದಿದ್ದಾರೆ.

ಮೂರೂ ದಿನ ಮಾತು ಒಂದೇ ಬಾಯಿಯದು. ಮೂರು ಖಾತೆಯವರಿಗೆ ಮಾತ್ರ ಪರಸ್ಪರ ಮುಖಪರಿಚಯವಿಲ್ಲ. ಕ್ಯಾನ್ಸರ್ ದಿನದಿಂದ ಹಲ್ಲಿನ ದಿನಕ್ಕೆ ಕ್ಯಾಲೆಂಡರಿನಲ್ಲಿ 44 ದಿನ. ಆಸ್ಪತ್ರೆಯ ಕಾರಿಡಾರಿನಲ್ಲಿ ಅದೇ ದೂರ ದಾಟಲು ಕೆಲವರಿಗೆ ಒಂದು ಆಯುಷ್ಯ ಸಾಲುವುದಿಲ್ಲ.

ಮೋಮಿನಪುರದ ಒಬ್ಬ ಹಮಾಲಣ್ಣನನ್ನು ಊಹಿಸಿಕೊಳ್ಳಿ. ಹೆಸರು ಬೇಡ. ಮೋಮಿನಪುರ ಬೇಡವೆನಿಸಿದರೆ ಬ್ರಹ್ಮಪುರ ಎನ್ನಿ, ತಂಬಾಕಿನ ಪುಡಿ ಚೀಟಿಗೆ ಜಾತಿ ಧರ್ಮದ ಹಟವಿಲ್ಲ. ಬಾಯೊಳಗೆ ಬಿಳಿ ಮಚ್ಚೆ ಬಂತು, ಸುಮ್ಮನಿದ್ದ. ಬಾಯಿ ಎರಡು ಬೆರಳಷ್ಟೇ ತೆರೆಯತೊಡಗಿತು, ಆಗಲೂ ಸುಮ್ಮನಿದ್ದ. ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟರೆ ಬೆಂಕಿ ಎನ್ನುವಂತಾದಾಗ ದವಾಖಾನೆಗೆ ಬಂದ.

ಈಗ ಅವನಿಗೆ ರೇಡಿಯೇಷನ್. ವಾರಕ್ಕೆ ಐದು ದಿನದಂತೆ ಮೂವತ್ತರಿಂದ ಮೂವತ್ತೈದು ಸಿಟ್ಟಿಂಗ್. ಫೈಲು ತಯಾರಾಯಿತು. ಬಯಾಪ್ಸಿ ಇದೆ, ಸ್ಕ್ಯಾನ್ ಇದೆ, ರಕ್ತ ಇದೆ. ಆಧಾರ್ ಇದೆ, ರೇಷನ್ ಕಾರ್ಡ್ ಇದೆ. ಕಾರ್ಡನ್ನು ತಿರುಗಿಸಿ, ಮುರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ‘ಬಾಯಿ ತೆರಿಯಪ್ಪಾ, ಹಲ್ಲು ನೋಡೋಣು’ ಅಂದವರು ಯಾರೂ ಇಲ್ಲ.

ಬಾಯಿ ಕ್ಯಾನ್ಸರಿನ ಫೈಲು, ಸ್ವಾಮಿ. ಬಾಯಿಯದು.

ಇದೇನು ಹಿಮಾಲಯದ ಗುಪ್ತವಿದ್ಯೆಯಲ್ಲ. ಬಿ.ಡಿ.ಎಸ್. ಹುಡುಗರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ತಲೆ ಕುತ್ತಿಗೆ ಭಾಗಕ್ಕೆ ರೇಡಿಯೇಷನ್ ಕೊಡುವ ಮುಂಚೆ ದಂತವೈದ್ಯ ನೋಡಬೇಕು. ಉಳಿಯದ ಹಲ್ಲು ಕೀಳಬೇಕು. ಗಾಯ ಮಾಯಲು ಎರಡು ಮೂರು ವಾರ ಕೊಡಬೇಕು. ಆಮೇಲೆ ಕಿರಣ. ಯಾಕೆಂದರೆ ಕಿರಣ ಬಿದ್ದ ದವಡೆಯಲ್ಲಿ ರಕ್ತನಾಳ ಸೊರಗುತ್ತವೆ. ಅಲ್ಲಿ ಕಿತ್ತ ಹಲ್ಲಿನ ಗುಂಡಿ ಮಾಯದೇ ಉಳಿಯಬಹುದು. ಮೂಳೆ ಸಾಯುತ್ತದೆ, ಕೀವು ಕೆನ್ನೆ ತೂತು ಮಾಡಿಕೊಂಡು ಹೊರಬರುತ್ತದೆ, ಕೊನೆಗೆ ದವಡೆಯನ್ನೇ ಕತ್ತರಿಸುವ ಪಾಳಿ ಬರುತ್ತದೆ. ಈ ಅಪಾಯ ಆರು ತಿಂಗಳಿಗೆ ಮುಗಿಯುವುದಲ್ಲ. ಬದುಕಿರುವವರೆಗೂ ಇರುತ್ತದೆ.

ಜೊತೆಗೆ ಜೊಲ್ಲಿನ ಗ್ರಂಥಿ ಸುಟ್ಟುಹೋಗುತ್ತದೆ. ಹಲ್ಲಿಗೆ ಜೊಲ್ಲೇ ಕಾವಲು. ಕಾವಲಿಲ್ಲದ ಹಲ್ಲು ಒಸಡಿನ ಅಂಚಿನಲ್ಲೇ ಹುಳುಕು ಹಿಡಿದು ಪಟಪಟ ಮುರಿಯುತ್ತದೆ. ತಡೆಯಲು ಏನು ಬೇಕು? ಫ್ಲೋರೈಡ್ ಜೆಲ್. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸುವುದು. ಬಾಯಿ ಬಿಗಿಯದಂತೆ ದಿನಾ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ದವಡೆ ತೆರೆಯುವ ವ್ಯಾಯಾಮ. ಕೋಟಿಗಟ್ಟಲೆಯ ಯಂತ್ರ ತರಿಸಿದವರಿಗೆ ಉಪ್ಪು, ಸೋಡಾ, ಕಡ್ಡಿ ಹೇಳಿಕೊಡಲು ಪುರುಸೊತ್ತಿಲ್ಲ. ಉಪ್ಪಿಗೆ ಟೆಂಡರ್ ಕರೆಯಲು ಬರುವುದಿಲ್ಲವಲ್ಲ.

ಊರಲ್ಲಿ ಹಲ್ಲಿನ ಡಾಕ್ಟರಿಗೆ ಬರವೇ? ಕಲಬುರಗಿಯಲ್ಲಿ ದಂತ ಕಾಲೇಜು ಒಂದಲ್ಲ, ಮೂರಿವೆ. ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ಕಾಲೇಜು, ಅಲ್ ಬದರ್, ಇಎಸ್‌ಐಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇದೇ ಊರಲ್ಲಿದೆ. ನಕ್ಷೆಯಲ್ಲಿ ಎಲ್ಲ ಪಕ್ಕಪಕ್ಕ, ಆಟೋದಲ್ಲಿ ಹೋಗುವಷ್ಟು ದೂರ. ನಡುವೆ ಓಡಾಡಬೇಕಾದದ್ದು ಒಂದು ಚೀಟಿ. ‘ರೇಡಿಯೇಷನ್ ಇದೆ, ಹಲ್ಲು ನೋಡಿ ಕಳಿಸಿ’ ಅಂತ ಎರಡು ಸಾಲು. ಆ ಎರಡು ಸಾಲನ್ನು ಡಾಕ್ಟರರ ನೆನಪಿಗೆ, ರೋಗಿಯ ಹಣೆಬರಹಕ್ಕೆ ಬಿಟ್ಟಿರುವುದೇ ನಮ್ಮ ಆರೋಗ್ಯ ನೀತಿ.

ಚೀಟಿಯಿಲ್ಲದವನ ಗತಿ ಕೇಳಿ. ರೇಡಿಯೇಷನ್ ಮುಗಿದ ವರ್ಷಕ್ಕೆ ಹಲ್ಲುನೋವು. ಹಲ್ಲಿನ ಡಾಕ್ಟರ್ ಹತ್ತಿರ ಹೋದ. ‘ಕ್ಯಾನ್ಸರ್ ಕೇಸಾ? ಅಲ್ಲಿಂದ ಬರ್ಸಕೊಂಡ್ ಬರ್ರಿ.’ ಅಲ್ಲಿ ಹೋದ. ‘ಹಲ್ಲಿಂದು ನಮ್ದಲ್ಲರೀ.’ ಮತ್ತೆ ಇಲ್ಲಿ ಬಂದ. ಇವತ್ತು ಡಾಕ್ಟರ್ ರಜಾ. ಬೇಸತ್ತು ಮೂರನೆಯವನ ಹತ್ತಿರ ಹೋದಾಗ ಬುದ್ಧಿ ಉಪಯೋಗಿಸಿದ, ಕ್ಯಾನ್ಸರ್ ಮಾತೇ ಎತ್ತಲಿಲ್ಲ. ಮೂರನೆಯವನು ಕೇಳಲೂ ಇಲ್ಲ. ಇಕ್ಕಳ ಹಾಕಿದ, ಕಿತ್ತ, ದುಡ್ಡು ಇಸಿದುಕೊಂಡ. ಮೊದಲಿನವರು ಮುಟ್ಟದೆ ಕೊಂದರು, ಇವನು ಮುಟ್ಟಿ. ಇನ್ನು ರಸ್ತೆಬದಿ ಹಾಳೆ ಹಾಸಿ ಹಲ್ಲು ಕಟ್ಟುವವರನ್ನು ತಡೆಯಲು 1948ರಲ್ಲೇ ದಂತವೈದ್ಯರ ಕಾಯ್ದೆ ಬಂತು. ಆ ಕಾಯ್ದೆಗೆ ವಯಸ್ಸಾಯಿತು, ಕಣ್ಣು ಕಾಣಿಸಲಿಲ್ಲ.

‘ತಿಂದವನು ಅನುಭವಿಸಲಿ’ ಎನ್ನುವ ಸಜ್ಜನರು ಈಗ ಗಂಟಲು ಸರಿಮಾಡಿಕೊಳ್ಳುತ್ತಿರಬಹುದು. ತಾಳಿ. ಕಮಲಾಪುರದ ಹೆಣ್ಣುಮಗಳೊಬ್ಬಳಿಗೆ ಸ್ತನ ಕ್ಯಾನ್ಸರ್ ಎಂದುಕೊಳ್ಳಿ. ಅಡಿಕೆ ಚೂರೂ ಮುಟ್ಟಿದವಳಲ್ಲ. ಕಿಮೋ ನಡೆದಾಗ ಅವಳ ಬಿಳಿ ರಕ್ತಕಣ ಕುಸಿಯುತ್ತವೆ. ಒಂದು ಹುಳುಕು ಹಲ್ಲಿನ ಕೀವು ಸಾಕು, ಜ್ವರ ಹೊತ್ತು ಐಸಿಯು ಸೇರಲು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಹಲ್ಲು ಕೀಳಲು ವೈದ್ಯರು ಹಿಂಜರಿಯುತ್ತಾರೆ. ಮೂಳೆಗೆ ಹಬ್ಬಿದ ಕ್ಯಾನ್ಸರಿಗೆ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟವರಲ್ಲೂ ದವಡೆ ಮೂಳೆ ಸಾಯಬಹುದೆಂದು 2003ರಲ್ಲೇ ವೈದ್ಯಲೋಕಕ್ಕೆ ಗೊತ್ತಾಗಿದೆ. ಅವಳ ಹಲ್ಲು ನೋಡಿದವರಾರು? ಬಾಯಿ ತುಂಬ ಹುಣ್ಣಾಗಿ ಅವಳಿಗೆ ನುಂಗಲಾಗುವುದು ಊರಿನ ಕೆಂಪು ಬಾಳೆಹಣ್ಣೊಂದೇ. ಆ ಬಾಳೆಗೆ ಜಿಐ ಟ್ಯಾಗ್ ಇದೆ, ಸರ್ಕಾರದ ಕಡತದಲ್ಲಿ ಹೆಸರಿದೆ. ಅವಳ ಹಲ್ಲಿಗಿಲ್ಲ.

ಹಾಗೆಂದು ಸರ್ಕಾರಕ್ಕೆ ನಮ್ಮ ಬಾಯಿಯ ಮೇಲೆ ಕಾಳಜಿಯಿಲ್ಲ ಎನ್ನಬೇಡಿ. 1992ರಲ್ಲಿ ಹಲ್ಲುಪುಡಿಗೆ ತಂಬಾಕು ಬೆರೆಸುವುದನ್ನು ನಿಷೇಧಿಸಿತು. ನಮ್ಮ ಗಡಿ ಸೀಮೆಯ ಅಜ್ಜಿಯರು ಹುರಿದ ತಂಬಾಕಿನ ಮಿಶ್ರಿಯಲ್ಲೇ ಹಲ್ಲುಜ್ಜುತ್ತಿದ್ದರು, ಆಮೇಲೂ ಉಜ್ಜಿದರು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಕಂಪನಿಗಳು ಗೌರವದಿಂದ ತಲೆಬಾಗಿ ಒಂದು ಪ್ಯಾಕೆಟನ್ನು ಎರಡು ಮಾಡಿದವು: ಪಾನ್ ಮಸಾಲಾ ಒಂದು, ತಂಬಾಕು ಒಂದು. ಬೆರೆಸುವ ಅಪರಾಧ ಈಗ ಗಿರಾಕಿಯ ಅಂಗೈಯದು. 2025ರ ಡಿಸೆಂಬರಿನಲ್ಲಿ ಸಂಸತ್ತು ಪಾನ್ ಮಸಾಲಾ ಮೇಲೆ ಹೊಸ ಸೆಸ್ ಹೇರಿತು. ಹೆಸರೇ ಆರೋಗ್ಯ ಭದ್ರತೆಯಿಂದ ರಾಷ್ಟ್ರೀಯ ಭದ್ರತೆ. ತಮಾಷೆಯಲ್ಲ, ಕಾಯ್ದೆಯ ಹೆಸರೇ ಅದು. ಇನ್ನು ಮೇಲೆ ಮೋಮಿನಪುರದ ಹಮಾಲನ ದವಡೆ ಗಡಿ ಕಾಯುತ್ತದೆ. ಹುತಾತ್ಮನಾದರೆ ತ್ರಿವರ್ಣ ಧ್ವಜ ಕೇಳಬಾರದು ಅಷ್ಟೇ.

ದಂತಭಾಗ್ಯವನ್ನು ಮರೆತರೆ ಅನ್ಯಾಯವಾದೀತು. ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆ, ನಿಜಕ್ಕೂ. ಆದರೆ ಕಿರಣಕ್ಕೆ ಬೆಂದು ಒಣಗಿದ ಒಸಡು ಆ ಸೆಟ್ಟನ್ನು ತಾಳಿಕೊಳ್ಳುವುದೇ ಕಷ್ಟ, ಉಜ್ಜಿ ಹುಣ್ಣಾಗುತ್ತದೆ. ಹೋದ ಹಲ್ಲಿಗೆ ಭಾಗ್ಯ ಕೊಟ್ಟರು. ಇರುವ ಹಲ್ಲು ಇನ್ನೂ ಅರ್ಜಿ ಹಿಡಿದು ನಿಂತಿದೆ.

ಅಮೆರಿಕ ಏನು ಕಡಿಮೆಯೇ? ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 1965ರಲ್ಲಿ ಹುಟ್ಟಿದಾಗಲೇ ಹಲ್ಲನ್ನು ಹೊರಗಿಟ್ಟಿತು. ತಲೆ ಕುತ್ತಿಗೆ ಕ್ಯಾನ್ಸರ್ ಚಿಕಿತ್ಸೆಗೆ ಮುಂಚಿನ ಹಲ್ಲಿನ ತಪಾಸಣೆಗೆ ದುಡ್ಡು ಕೊಡಲು ಒಪ್ಪಿದ್ದು 2024ರಿಂದ. 59 ವರ್ಷ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರ ಕೂಸು. ನಮ್ಮವರಿಗೂ ಅಷ್ಟೇ ಅವಸರ ಬಂದರೆ, 2077ರ ಹೊತ್ತಿಗೆ ಪ್ರತಿ ರೇಡಿಯೇಷನ್ ಫೈಲಿನ ಮೊದಲ ಪುಟದಲ್ಲಿ ದಂತವೈದ್ಯರ ಸಹಿಗೆಂದು ಒಂದು ಕಾಲಂ ಮೂಡಬಹುದು. ಆ ಕಾಲಂ ತುಂಬಿಸಲೂ ಆಧಾರ್ ಲಿಂಕ್ ಆಗಿರಬೇಕು. ಎರಡು ಜೆರಾಕ್ಸ್ ತನ್ನಿ.