ಗಡಿಯಾರ ಬೇಕು, ಚಂದಾ ಬೇಡ

ಬನ್ನಿ, ಸ್ವಲ್ಪ ಹತ್ರ ಕೂತ್ಕೊಳ್ಳಿ, ಮನೆಯವರಿಗೆ ಕೇಳಿಸೋದು ಬೇಡ. ನಿಮ್ಮ ಟಿ.ವಿ. ಸ್ಟ್ಯಾಂಡ್ ಕೆಳಗೆ ಪ್ಲಾಸ್ಟಿಕ್ ಕವರ್ ಕೂಡ ಹರಿಯದ ಮ್ಯಾಗಜೀನು ಎಷ್ಟಿವೆ? ಐದು? ಆರು? (ಸೋಫಾ ಹಿಂದೆ ಬಿದ್ದಿರೋದನ್ನೂ ಸೇರಿಸಿ ಹೇಳ್ರೀ.) ಗೊತ್ತಿತ್ತು ಬಿಡಿ. ಮೂರು ವರ್ಷಕ್ಕೆ ಚಂದಾ ಕಟ್ಟಿ, ಏಳನೇ ತಿಂಗಳಿಗೇ "ಇದನ್ನ ಕ್ಯಾನ್ಸಲ್ ಮಾಡ್ಸೋದು ಹೆಂಗೆ?" ಅಂತ ಕೇಳ್ತಿರೋರು ನೀವೊಬ್ಬರೇ ಅಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲು, ಎಲ್ಲಾ ಕಡೆ ನಿಮ್ಮೋರೇ.

ಚಂದಾ ಕಟ್ಟಿದ ದಿನ ನೆನಪಿದ್ಯಾ? ಎಗ್ಸಿಬಿಷನ್‌ಗೆ ಅಂತ ಹೋದ್ರಿ, ಟೈ ಕಟ್ಟಿದ ಹುಡುಗನೊಬ್ಬ "ಸಾರ್, ಒಂದೇ ನಿಮಿಷ" ಅಂದ. ಮೇಜಿನ ಮೇಲೆ ಗೋಡೆ ಗಡಿಯಾರ ಇತ್ತು, ಚಿನ್ನದ ಬಣ್ಣದ ಅಂಚಿಂದು, ಫ್ರೀ. ನೀವು ಪತ್ರಿಕೆ ಒಳಗೆ ಏನಿದೆ ಅಂತ ಒಂದು ಹಾಳೆ ತಿರುವಿದ್ರಾ? ಇಲ್ಲ. "ಇದಕ್ಕೆ ಸೆಲ್ಲು ನೀವೇ ಕೊಡ್ತೀರಾ?" ಅಂದ್ರಿ, ಅಷ್ಟೆ. ಪಕ್ಕದಲ್ಲಿದ್ದ ನಿಮ್ಮ ಯಜಮಾನ್ತಿ ಮುಖ ನೋಡ್ಬೇಕಿತ್ತು.

ಅವನು ಕೊಟ್ಟ ಫಾರಂ ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೋ ಬರ್ದಿತ್ತಲ್ಲ, ಅದೇ ಕನಿಷ್ಠ ಅವಧಿ. ಅಲ್ಲಿವರೆಗೂ ಬಿಡಂಗಿಲ್ಲ, ಬಿಟ್ರೆ ದುಡ್ಡು ವಾಪಸ್ ಇಲ್ಲ. ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ ಅಂತೀರಿ. ಗಡಿಯಾರದ ಅಂಚು ಮಾತ್ರ ಕನ್ನಡಕ ಇಲ್ದೇನೂ ಚೆನ್ನಾಗಿ ಕಾಣ್ತಿತ್ತು, ಅಲ್ವಾ?

ಆಸೆ ಒಂದು ಕಡೆಯಾದ್ರೆ ಮುಲಾಜು ಇನ್ನೊಂದು ಕಡೆ. ಗುಬ್ಬಿಯಲ್ಲಿ ನಮ್ಮ ಬೀಗರಿದ್ದಾರೆ. ರಿಟೈರಾದ ಮೇಷ್ಟ್ರೊಬ್ಬರು ರಸೀತಿ ಪುಸ್ತಕ ಹಿಡ್ಕೊಂಡು ಜಗಲಿ ಹತ್ತಿದ್ರು, "ನಿಮ್ಮ ಮನೇಲಿ ಇಲ್ಲ ಅನ್ನಲ್ಲ ಅಂತ ಗೊತ್ತು" ಅಂದ್ರು. ಆಯ್ತಲ್ಲ! ಕಾಫಿ ತಣ್ಣಗಾಗೋದ್ರೊಳಗೆ ಐದು ವರ್ಷದ ಚಂದಾ. (ದಾಕ್ಷಿಣ್ಯಕ್ಕೆ ಸಿಕ್ಕೋಂಡೋಳ ಹಳೇ ಗಾದೆ ನೆನಪಾಯ್ತಾ? ಬಾಯಿ ಬಿಟ್ಟು ಹೇಳ್ಬೇಡಿ, ಮಕ್ಕಳೂ ಓದ್ತಾರೆ.) ಈಗ ಬೀಗರು ಮೇಷ್ಟ್ರು ಬರೋದು ಕಂಡ್ರೆ ಪೇಟೆಯಲ್ಲಿ ರಸ್ತೆ ಆ ಪಕ್ಕಕ್ಕೆ ದಾಟ್ತಾರೆ.

ಕುಣಿಗಲ್ ಚಿಕ್ಕಪ್ಪನ ಕಥೆ ಇನ್ನೂ ಚೆನ್ನಾಗಿದೆ. ಎರಡೆಕರೆ ತೆಂಗು, ನಾಲ್ಕು ಹಸ, ಓದಿದ್ದು ಎಸ್ಸೆಸ್ಸೆಲ್ಸಿ. ಫೋನಲ್ಲಿ ಯಾರೋ "ನಿಮ್ಮಂಥ ಎಜುಕೇಟೆಡ್ ಫಾರ್ಮರ್ಸ್ ಓದ್ಲೇಬೇಕು ಸಾರ್" ಅಂದಿದ್ದಕ್ಕೆ ಇಂಗ್ಲಿಷ್ ಬಿಸಿನೆಸ್ ಮ್ಯಾಗಜೀನಿಗೆ ಎರಡು ವರ್ಷ ಕಟ್ಟಿಬಿಟ್ರು. (ಹೆಸರು ಕೇಳ್ಬೇಡಿ, ಹೇಳಲ್ಲ.) ಜೊತೆಗೊಂದು ಗಾಲಿ ಸೂಟ್‌ಕೇಸ್. ಚಿಕ್ಕಮ್ಮ ಆ ಮ್ಯಾಗಜೀನನ್ನ ಬಸ್ಸಾರಿನ ಪಾತ್ರೆ ಕೆಳಗೆ ಇಡ್ತಾರೆ. ದಪ್ಪ ಪೇಪರು, ಶಾಖ ತಡಿಯುತ್ತೆ ಅಂತ ಅವರ ವಿಮರ್ಶೆ.

ಎಂಟು ತಿಂಗಳಾದ ಮೇಲೆ ಚಿಕ್ಕಪ್ಪ ಬಿಡ್ಸೋಣ ಅಂತ ಫೋನ್ ಮಾಡಿದ್ರು. ಒಂದನ್ನು ಒತ್ತಿ, ಎರಡನ್ನು ಒತ್ತಿ, ನಡುವೆ ಸಂಗೀತ. ಕೊನೆಗೆ ಬಂದ ಹುಡುಗಿ ಲೆಕ್ಕ ಒಪ್ಪಿಸಿದ್ಲು: ರಿಯಾಯಿತಿ ಹೋಗಿ ಬಂದ ಸಂಚಿಕೆಗೆಲ್ಲ ಪೂರ್ತಿ ಬೆಲೆ, ಅದರ ಮೇಲೆ ಸೂಟ್‌ಕೇಸ್ ಬೆಲೆ. ಕಳೆದು ನೋಡಿದ್ರೆ ಚಿಕ್ಕಪ್ಪನೇ ಅವರಿಗೆ ಕೊಡಬೇಕು! "ಸೂಟ್‌ಕೇಸೇ ವಾಪಸ್ ಕಳಿಸ್ತೀನಿ ತಾಯಿ" ಅಂದ್ರೆ, ಅದರೊಳಗೆ ಆಗ್ಲೇ ಚಿಕ್ಕಮ್ಮನ ರೇಷ್ಮೆ ಸೀರೆ. ಮಾತುಕತೆ ಅಲ್ಲಿಗೇ ಮುರಿದುಬಿತ್ತು.

ಕಾನೂನು ಏನನ್ನುತ್ತೆ ಅಂತೀರಾ? ಚಂದಾ ಅನ್ನೋದು ಒಂದು ಕರಾರು ಕಣ್ರೀ. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 74ನೇ ಕಲಮಿನ ಪ್ರಕಾರ, ಕರಾರು ಮುರಿದವನ ಮೇಲೆ ಪತ್ರದಲ್ಲಿ ಎಷ್ಟೇ ದಂಡ ಬರ್ದಿದ್ರೂ ನ್ಯಾಯವಾದ ಪರಿಹಾರಕ್ಕಿಂತ ಹೆಚ್ಚು ಕಿತ್ಕೊಳ್ಳೋ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅನ್ನೋ ಮಾತೇ ಇದೆ. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ದೂರಿಗೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಬಹುದು. ನೀವು ಮಾಡಲ್ಲ, ಅದು ಬೇರೆ ಮಾತು. "ಏಳ್ನೂರು ರೂಪಾಯಿಗೆ ಯಾರು ಅಲೀತಾರೆ" ಅಂತೀರಿ. ಅದೇ ಏಳ್ನೂರನ್ನ ಏಳು ತಿಂಗಳಿಂದ ಊರೆಲ್ಲಾ ಹೇಳ್ಕೊಂಡು ಅಲೀತಿದೀರಲ್ಲ ಸ್ವಾಮಿ?

ಮೊಬೈಲಲ್ಲಿ ಓದೋ ಪತ್ರಿಕೆದಾದ್ರೆ ಇನ್ನೊಂದು ಆಟ. "ಮೊದಲ ತಿಂಗಳು ಒಂದೇ ರೂಪಾಯಿ" ಅಂದ ತಕ್ಷಣ ಒತ್ತಿದ್ರಿ, ಯುಪಿಐ ಆಟೋಪೇಗೆ ಹೂಂ ಅಂದ್ರಿ. ಸೇರೋ ಬಟನ್ನು ತೆಂಗಿನಕಾಯಿ ಗಾತ್ರ, ಬಿಡೋ ಬಟನ್ನು ಸಾಸಿವೆ. ಈ ತಂತ್ರಕ್ಕೆ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ ಹೆಸರಿಟ್ಟು, 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಸೇರಿಸಿದೆ. ದುಡ್ಡು ಕಟ್ಟಾಗೋಕೆ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೂ ಇದೆ. ಬರುತ್ತೆ. ಆದ್ರೆ ಬ್ಯಾಂಕ್ ಮೆಸೇಜ್ ಓದೋ ಪೈಕಿನಾ ನೀವು? ಆಟೋಪೇ ಇರೋದು ನಿಮ್ಮ ಆ್ಯಪ್‌ನಲ್ಲೇ, ರದ್ದು ಮಾಡೋದೂ ಅಲ್ಲೇ. ಯಾರ ಕಾಲೂ ಹಿಡೀಬೇಕಿಲ್ಲ.

ಜರ್ಮನಿಯಲ್ಲಿ ನೋಡಿ, ಆನ್‌ಲೈನಲ್ಲಿ ಸೇರಿಸಿಕೊಳ್ಳೋ ಕಂಪನಿ ಆನ್‌ಲೈನಲ್ಲೇ ಬಿಡೋ ಬಟನ್ನನ್ನೂ ಕಣ್ಣಿಗೆ ಕಾಣೋ ಹಾಗೆ ಇಡಬೇಕು ಅಂತ 2022ರ ಜುಲೈಯಿಂದ ಕಾನೂನು. ನಮ್ಮಲ್ಲಿ ಅಂಥ ಬಟನ್ ಬಂದ್ರೆ? "ಒತ್ತಿದ್ರೆ ಅವರು ಬೇಜಾರು ಮಾಡ್ಕೋತಾರೇನೋ" ಅಂತ ನೀವು ಬೆರಳು ಹಿಂದಕ್ಕೆ ತಗೋತೀರಿ. ನನಗೆ ನಿಮ್ಮ ವಿಷಯ ಗೊತ್ತಿಲ್ವಾ?

ಅಲ್ಲಾ, ಕನ್ನಡದಲ್ಲಿ ಅವಧಿಗೆ ಮುಂಚೆ ಕೈ ಎತ್ತೋದು ಹೆಚ್ಚಾಗಿ ಓದುಗ ಅಲ್ಲ, ಪತ್ರಿಕೆ! ಮೊದಲ ಪತ್ರಿಕೆಯಿಂದಲೇ ಶುರು. 1843ರ ಜುಲೈ 1ರಂದು ಮೋಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಮರುವರ್ಷವೇ ಮಂಗಳೂರು ಬಿಟ್ಟು, ಹೆಸರು ಬದಲಾಯಿಸಿ ಬಳ್ಳಾರಿಗೆ ಹೊರಟಿತು. ಆಮೇಲೆ ಬಂದ ಸಣ್ಣ ಪತ್ರಿಕೆಗಳಲ್ಲಿ ಎಷ್ಟೋ 'ಆಜೀವ ಚಂದಾ' ಅಂತ ಇಸ್ಕೊಂಡವು. ಆಜೀವ ಅಂದ್ರೆ ಓದುಗನ ಜೀವನೋ ಪತ್ರಿಕೆ ಜೀವನೋ ಅಂತ ಯಾರೂ ಕೇಳ್ಲಿಲ್ಲ. ಗಟ್ಟಿ ಜೀವದವೂ ಇವೆ, ಇಲ್ಲ ಅನ್ನಲ್ಲ: 'ಕಸ್ತೂರಿ' 1956ರದ್ದು, 'ಸುಧಾ' 1965ರದ್ದು. ಸಣ್ಣ ಪತ್ರಿಕೆಯವನಿಗೆ ನಿಮ್ಮ ಚಂದಾ ಅಂದ್ರೆ ಮುಂದಿನ ಸಂಚಿಕೆಯ ಕಾಗದ, ಅಂಚೆ ಚೀಟಿ. ಅವನ ಹತ್ರ ಅರ್ಧ ದುಡ್ಡು ವಾಪಸ್ ಕೇಳೋಕೆ ಹೋಗ್ಬೇಡಿ, ಪಾಪ. ಸೂಟ್‌ಕೇಸ್ ಕೊಡೋರ ಹತ್ರ ಧಾರಾಳವಾಗಿ ಜಗಳ ಆಡಿ.

ನಮ್ಮ ಗುಬ್ಬಿ ಕಂಪನಿ ನಾಟಕ ಜ್ಞಾಪಿಸ್ಕೊಳ್ಳಿ. 1884ರಲ್ಲಿ ಹುಟ್ಟಿದ ಮಂಡಳಿ, ವೀರಣ್ಣನವರ ಕೈಲಿ ನಾಡೆಲ್ಲಾ ಸುತ್ತಿತು. ರಾತ್ರಿ ನಾಟಕಕ್ಕೆ ಕೂತ ನಮ್ಮ ತಾತಂದಿರು ತೂಕಡಿಸ್ತಾನಾದ್ರೂ ಮಂಗಳ ಹಾಡೋವರೆಗೂ ಎದ್ದೋರಲ್ಲ. ಅರ್ಧಕ್ಕೆ ಎದ್ದು ಗೇಟ್ ಹತ್ರ ಅರ್ಧ ಟಿಕೆಟ್ ದುಡ್ಡು ಕೇಳಿದೋರುಂಟಾ? ಕೊಟ್ಟ ದುಡ್ಡಿಗೆ ನಿದ್ದೆನಾದ್ರೂ ಅಲ್ಲೇ ಮಾಡೋಣ ಅಂತ ಲೆಕ್ಕ. ನೀವು ಆ ವಂಶದೋರೇ, ಆದ್ರೆ ನಿದ್ದೆಗೆ ಬರೋವಂಥದ್ದನ್ನೂ ಕವರ್ ಬಿಚ್ಚದೇ ಇಟ್ಟಿದೀರಿ.

ಒಂದು ಗುಟ್ಟು ಹೇಳ್ಲಾ? ನಾನೂ ಬಿಡ್ಸೋಣ ಅಂತ ಚಂದಾ ನಂಬರ್ ಹುಡುಕ್ತಾ ಕೂತಿದ್ದೆ. ನಂಬರ್ ಇರೋದು ಕವರ್ ಮೇಲೆ, ಕವರ್ ಹರಿದೆ, ಪುಸ್ತಕ ಜಾರಿ ತೊಡೆ ಮೇಲೆ ಬಿತ್ತು. ಪದಬಂಧಕ್ಕೆ ಶುರು ಮಾಡಿದೋನು ಕಥೆ, ಅಡುಗೆ, ಓದುಗರ ಪತ್ರ ಎಲ್ಲಾ ಮುಗಿಸೋವಾಗ ರಾತ್ರಿ ಹನ್ನೊಂದು. ಮಾರನೇ ದಿನ ಇನ್ನೊಂದು ಕವರ್ ಹರಿದೆ. ಬಿಡ್ಸೋ ವಿಷಯ? ಈ ವಾರ ಆಗ್ಲಿಲ್ಲ, ಮುಂದಿನ ವಾರ ನೋಡೋಣ.

ನೀವೂ ಫೋನ್ ಮಾಡೋಕೆ ಮುಂಚೆ ರಸೀತಿ ಹುಡುಕಿ, ಹಿಂದಿನ ಇರುವೆ ಸಾಲು ಓದಿ, ಈ ಸಲ ಕನ್ನಡಕ ಹಾಕ್ಕೊಂಡು. ಬಿಡೋದೇ ಆದ್ರೆ ಬರವಣಿಗೆಯಲ್ಲಿ ತಿಳಿಸಿ, ಒಂದು ನಕಲು ಇಟ್ಕೊಳ್ಳಿ. ಹಾಗೇ ಆ ಗಡಿಯಾರಕ್ಕೊಂದು ಸೆಲ್ಲು ಹಾಕ್ರೀ. ಡಬ್ಬದಿಂದ ತೆಗೆದು ಗೋಡೆಗೆ ಹಾಕಿದಾಗ ತೋರಿಸ್ತಿದ್ದ ಹತ್ತೂ ಹತ್ತನ್ನೇ ಇವತ್ತಿಗೂ ತೋರಿಸ್ತಾ ಇದೆ.