ಇಡ್ಲಿಗೆ 16 ಅಂಕ

ಅಮ್ಮ ಅಪ್ಪ ಆರು ತಿಂಗಳಿಗೆಂದು ನ್ಯೂಜೆರ್ಸಿಗೆ ಬಂದಿಳಿದ ಮೂರನೇ ವಾರಕ್ಕೇ ಹಿಮ ಬಿತ್ತು. ವಾಕಿಂಗ್ ಬಂದ್. ಧಾರಾವಾಹಿಗಳೂ ಒಂದು ಸುತ್ತು ಮುಗಿದಿದ್ದವು. ಇಬ್ಬರೂ ಎದುರುಬದುರು ಕೂತು 1984ರ ಸೈಟಿನ ಜಗಳಕ್ಕೆ ಕೈಹಾಕುವ ಲಕ್ಷಣ ಕಂಡದ್ದೇ ನನ್ನ ಮಗಳು ಕಪಾಟಿನಿಂದ ಸ್ಕ್ರ್ಯಾಬಲ್ ಡಬ್ಬ ಇಳಿಸಿದಳು.

“ಏಳು ಲೆಟರ್ ತಗೋಬೇಕು ಅಜ್ಜಿ. ಅದರಲ್ಲಿ ವರ್ಡ್ ಮಾಡ್ಬೇಕು.”

“ಪದಬಂಧ ತಾನೆ? ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ಮಾಡ್ತಿದೀನಿ, ತಾ.”

ಸುಳ್ಳಲ್ಲ. ಪದಬಂಧವನ್ನು ಪೆನ್ಸಿಲ್ ಮುಟ್ಟದೆ ನೇರ ಪೆನ್ನಿನಲ್ಲೇ ತುಂಬುವ ಧೈರ್ಯದ ಹೆಂಗಸು. ಆದರೆ ಅದು ಕನ್ನಡದ ಲೆಕ್ಕ. ಅಲ್ಲಿ ‘ಸ್ತ್ರೀ’ ಅಂದರೆ ಒಂದೇ ಮನೆ. ಇಂಗ್ಲಿಷಿನಲ್ಲಿ ಎಸ್, ಟಿ, ಆರ್, ಐ ಅಂತ ನಾಲ್ಕು ಬೇಕೆಂದು ಮಗಳು ಬಿಡಿಸಿ ಜೋಡಿಸಿದಾಗ ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು. “ಒಬ್ಬ ಹೆಂಗಸಿಗೆ ನಾಲ್ಕು ಮನೆಯೇ!” ಇರುವ ಒಂದು ಮನೆಯ ಸಾಲವೇ ಇನ್ನೂ 22 ವರ್ಷ ಬಾಕಿ ಇರುವ ನಾನು ಸುಮ್ಮನಿದ್ದೆ.

ಅಕ್ಷರಗಳ ಬೆಲೆಯ ಬಗ್ಗೆಯೂ ತಕರಾರು ಬಂತು. ಇ ಬಿಲ್ಲೆ 12 ಇದ್ದರೂ ಒಂದೊಂದಕ್ಕೆ 1 ಅಂಕ. ಕ್ಯೂ, ಝಡ್ ಒಂದೊಂದೇ ಬಿಲ್ಲೆ, ಆದರೆ 10 ಅಂಕ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್‌ಫ್ರೆಡ್ ಬಟ್ಸ್ ಅನ್ನುವ ಆರ್ಕಿಟೆಕ್ಟ್, ಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಈ ಲೆಕ್ಕ ಕಟ್ಟಿದ್ದು ಎಂದು ವಿವರಿಸಿದೆ.

“ಅಂದ್ರೆ ನಮ್ಮ ಞ ಇದ್ದ ಹಾಗೆ,” ಅಂದಳು ಅಮ್ಮ. “ಜ್ಞಾನದ ಕೆಳಗೆ ಒತ್ತಾಗಿ ಕೂರೋದು ಬಿಟ್ಟರೆ ಬೇರೆ ಕೆಲಸ ಇಲ್ಲ. ಸಂಬಳ ಮಾತ್ರ ಹತ್ತು.”

“ಅಂಥವರು ನಮ್ಮ ಕಚೇರೀಲೂ ಇದ್ದರು,” ಅಂದರು ಅಪ್ಪ. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

ಮೊದಲ ಆಟ ಅಮ್ಮನದು. ಒಂದೊಂದೇ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ನಡುಮನೆಯಿಂದ ಸಾಲಾಗಿ ಇಟ್ಟಳು: ಐ, ಡಿ, ಎಲ್, ವೈ. ನಮ್ಮೂರ ಹೋಟೆಲ್ ಬೋರ್ಡುಗಳಲ್ಲಿ ಇರುವಂತೆಯೇ, ಕೊನೆಗೆ ವೈ. ನಾನು ಬೇಡವೆನ್ನುವಷ್ಟರಲ್ಲಿ ಮಗಳು “ಯೆಸ್! ಇದೆ!” ಅಂದಳು. ಎಂಟು ಅಂಕ, ನಡುಮನೆಗೆ ಎರಡರಷ್ಟು, ಒಟ್ಟು 16.

“ನಮ್ಮ ಇಡ್ಲಿ ಇವರ ಡಿಕ್ಷನರೀಲೂ ಇದೆಯೇ? ಏನಂತ ಬರೆದಿದಾರೆ, ಓದು.”

“ಲೇಝಿಯಾಗಿ ಅಂತ.”

“ಹಾಗಂದ್ರೆ?”

ಹೇಳಲೇಬೇಕಾಯಿತು. “ಸೋಮಾರಿತನದಿಂದ, ಅಂತ ಅಮ್ಮ.”

“ಎರಡು ದಿನದ ಕೆಲಸ ಕಣೋ ಅದು! ನೆನೆಹಾಕಿ, ರುಬ್ಬಿ, ನಿಮ್ಮ ದರಿದ್ರ ಚಳಿಗೆ ಹಿಟ್ಟು ಉಬ್ಬಲಿಲ್ಲ ಅಂತ ಅವನ್ ಒಳಗೆ ಬಲ್ಬು ಹಾಕಿಟ್ಟು, ರಾತ್ರಿ ಎರಡು ಸಲ ಎದ್ದು ನೋಡಿದೀನಿ. ಸೋಮಾರಿತನವಂತೆ! ಬರೆದೋನು ಯಾವತ್ತಾದ್ರೂ ಒಂದು ತಟ್ಟೆ ಇಡ್ಲಿ ಬೇಯಿಸಿದಾನಾ?”

ಮಗಳಿಗೆ ಹುರುಪು ಬಂದು ಸಾಂಬಾರನ್ನೂ ಹುಡುಕಿದಳು. ಆರಕ್ಷರ, ಇತ್ತು. ಅರ್ಥ: ಏಷ್ಯಾದ ಒಂದು ದೊಡ್ಡ ಜಿಂಕೆ. ನಮ್ಮ ಕಡವೆ. ಅಪ್ಪಟ ಸಸ್ಯಾಹಾರಿ ಮನೆ ಅರ್ಧ ಗಂಟೆಯೊಳಗೆ ಸೋಮಾರಿಗಳಾಗಿ ಕೂತು ಕಡವೆ ತಿನ್ನುವವರ ಪಾಳೆಯವಾಗಿತ್ತು.

“ಅದಕ್ಕೇ ನಾನು ಹುಳಿ ಅನ್ನೋದು,” ಅಂದಳು ಅಮ್ಮ.

ಅಷ್ಟರಲ್ಲಿ ಅಪ್ಪ, ಇಡ್ಲಿಯ ಎಲ್ ಹಿಡಿದು ಮೇಲಿಂದ ಕೆಳಕ್ಕೆ ‘ತಾಲೂಕ್’ ಇಳಿಸಿದ್ದರು. ಟಿ, ಎ, ಎಲ್, ಯು, ಕೆ. ಮಗಳು ಅನುಮಾನದಿಂದ ಹುಡುಕಿದರೆ ಅದೂ ಇದೆ! ಅಕ್ಷರಗಳ ಬೆಲೆ ಕೂಡಿದರೆ 9. ಅಪ್ಪನ ಮುಖದಲ್ಲಿ ನಿವೃತ್ತಿಯ ದಿನದ ಹಾರ ಮತ್ತೆ ಬಿದ್ದ ಕಳೆ. ಅದೇ ಧೈರ್ಯದಲ್ಲಿ ಮುಂದಿನ ಸರದಿಗೆ ‘ಹೋಬ್ಳಿ’ ಇಟ್ಟರು. ಅದು ಡಿಕ್ಷನರಿಯಲ್ಲಿ ಇರಲಿಲ್ಲ.

“ಹೋಬಳಿ ಇಲ್ಲದೆ ತಾಲೂಕು ಹೇಗಿರುತ್ತೆ? ಅಕ್ಷರ ಕೂಡಿ ನೋಡು, 10 ಆಗುತ್ತೆ. ತಾಲೂಕಿಗಿಂತ ಒಂದು ಜಾಸ್ತಿ.”

“ಅದೇ ತಪ್ಪು,” ಅಂದಳು ಅಮ್ಮ. “ಹೋಬಳಿ ತಾಲೂಕನ್ನ ಮೀರಿಸಿದ್ರೆ ನಿಮ್ಮ ಸಾಹೇಬರು ಸಹಿಸ್ತಿದ್ರಾ?”

ಮುಂದಿನ ಭಾನುವಾರ ಚಿನ್ನದಂಗಡಿ ನೋಡಲೆಂದು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ಗೆ ಹೋದೆವು. 74ನೇ ಬೀದಿಯಲ್ಲಿ ಅಮ್ಮ ಬಳೆಯ ಬೆಲೆ ಕೇಳಿ, ರೂಪಾಯಿಗೆ ಗುಣಿಸಿ, ಹೊರಬಂದಳು. ಬಟ್ಸ್ ಇದ್ದದ್ದೂ ಇದೇ ಬಡಾವಣೆಯಲ್ಲಿ. ಇಲ್ಲಿನ ಚರ್ಚೊಂದರಲ್ಲಿ ಜನ ಸೇರಿ ಅವನ ಆಟ ಆಡಿ ನೋಡುತ್ತಿದ್ದರು. ಆ ನೆನಪಿಗೆ 35ನೇ ಅವೆನ್ಯೂವಿನ ಬೀದಿ ಫಲಕದಲ್ಲಿ ಅಕ್ಷರಗಳ ಜತೆ ಸ್ಕ್ರ್ಯಾಬಲ್‌ನ ಪುಟ್ಟ ಅಂಕೆಗಳೂ ಇವೆ. ಅಪ್ಪ ಕನ್ನಡಕ ಏರಿಸಿ, ಜೇಬಿನ ಡೈರಿ ತೆಗೆದು, ಚಳಿಯಲ್ಲಿ ನಿಂತು ಅದನ್ನೆಲ್ಲ ಗುರುತು ಹಾಕಿಕೊಂಡರು.

“ನೋಡು, ಸರ್ವೆ ನಂಬರ್ ಹೇಗೆ ಹಾಕಿದಾರೆ! ಹಿಸ್ಸಾ ಸಮೇತ.”

ಮರುದಿನ ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಐದು ನಿಮಿಷ ಇತ್ತು. ಮಗಳು ತಟ್ಟೆ ಮುಂದೆ ಚಾಚಿದಳು.

“ಅಜ್ಜಿ, ಇನ್ನೆರಡು ಸೋಮಾರಿ ಹಾಕು. ಕಡವೆ ಬೇಡ, ಚಟ್ನಿ ಸಾಕು.”